ಕಟ್ಟು ಹಾಕಿದ ಪಿಚ್ಚು

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಜೀವ ರಾಕ್ಷಸನ ಮೈಯಲ್ಲಿ ಇರುತ್ತಿರಲಿಲ್ಲ. ಎಲ್ಲೋ ದೂರದಲ್ಲಿ, ಒಂದು ಗಿಳಿಯ ಹೊಟ್ಟೆಯಲ್ಲೋ ಡಬ್ಬಿಯೊಳಗಿನ ದುಂಬಿಯಲ್ಲೋ ಭದ್ರವಾಗಿರುತ್ತಿತ್ತು. ಅದು ಬರೀ ಕಥೆ ಎಂದುಕೊಂಡಿದ್ದೆ, ನಮ್ಮ ಚಿಕ್ಕಪ್ಪನ ಜೀವ ನೀರಿನ ಟ್ಯಾಂಕಿನ ಪಕ್ಕದ ಇಪ್ಪತ್ತೆರಡು ಗಜ ಮಣ್ಣಿಗೆ ಹೋಗಿ ಸೇರಿಕೊಳ್ಳುವವರೆಗೆ.

ಚಿಕ್ಕಪ್ಪನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಕಾಲೇಜು ಮುಗಿಸಿದ ಮೇಲೆ ನಾನೂ ಅಲ್ಲೇ ಗಾಜು ಒರೆಸುತ್ತ ಕೂರುತ್ತೇನೆ. ಲೋಕದಲ್ಲಿ ಚೆನ್ನಾಗಿರುವುದು ಯಾವುದೇ ಇರಲಿ, ಅದಕ್ಕೆ ನಾಲ್ಕು ಕಡೆ ಮರ ಹೊಡೆದು, ಮುಂದೆ ಗಾಜು ಹಾಕಿ, ಯಾರ ಕೈಗೂ ಎಟುಕದ ಎತ್ತರದಲ್ಲಿ ನೇತುಹಾಕಬೇಕು ಎನ್ನುವುದು ಚಿಕ್ಕಪ್ಪನ ಸಿದ್ಧಾಂತ. ನಮ್ಮ ಮನೆಯಲ್ಲಿ ಫ್ರಿಜ್ಜಿನ ಗ್ಯಾರಂಟಿ ಕಾರ್ಡಿಗೂ ಕಟ್ಟು ಹಾಕಿತ್ತು. ಫ್ರಿಜ್ಜು ಕೆಟ್ಟ ದಿನ ಅದನ್ನು ಗೋಡೆಯಿಂದ ಇಳಿಸಿ, ಇಬ್ಬರು ಹಿಡಿದುಕೊಂಡು, ಆಟೋದಲ್ಲಿ ರಿಪೇರಿಯವರ ಬಳಿಗೆ ಒಯ್ದೆವು. ಒಳ್ಳೆಯ ಕಪ್ಪುಸಾಸರುಗಳು ಗಾಜಿನ ಬೀರುವಿನಲ್ಲಿ ಹದಿನೆಂಟು ವರ್ಷದಿಂದ ಇವೆ. ಚಹಾ ನಾವು ಲೋಟದಲ್ಲೇ ಕುಡಿಯುತ್ತೇವೆ.

ಇಂಥ ಮನುಷ್ಯನ ಕೈಗೆ ಒಂದು ಆಟದ ಜಾಗ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ಅಂಗಡಿಯ ಎದುರಿಗೆ, ನೀರಿನ ಟ್ಯಾಂಕಿನ ಪಕ್ಕದಲ್ಲಿದ್ದ ಆ ಜಾಗಕ್ಕೆ ಹೆಸರೂ ಇರಲಿಲ್ಲ, ಗತಿಯೂ ಇರಲಿಲ್ಲ. ಮುಳ್ಳುಗಿಡ, ಒಡೆದ ಇಟ್ಟಿಗೆ, ಯಾರೋ ತಂದು ಬಿಸಾಕಿದ ಒಂದು ತೊಟ್ಟಿ. ಅದರ ಮಧ್ಯೆ ಇದ್ದ ಅಷ್ಟಿಷ್ಟು ಬಯಲಿನಲ್ಲಿ ಬೀದಿಯವರು ಸಂಜೆ ಕ್ರಿಕೆಟ್ ಆಡುತ್ತಿದ್ದರು. ಚೆಂಡು ಮುಳ್ಳಿಗೆ ಹೋದರೆ ಔಟು, ತೊಟ್ಟಿಗೆ ಬಿದ್ದರೆ ಆರು. ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಒಂದು ಬೆಳಿಗ್ಗೆ ಟ್ಯಾಂಕಿನ ಗೋಡೆಗೆ ನಗರ ಕಚೇರಿಯ ನೋಟೀಸು ಅಂಟಿಕೊಂಡಿತು. ಜಾಗ ಪಾಳು ಬಿದ್ದಿರುವುದರಿಂದ ಕಚೇರಿಯ ಕೆಟ್ಟುಹೋದ ಲಾರಿಗಳನ್ನು ಇಲ್ಲಿ ತಂದು ನಿಲ್ಲಿಸಲಾಗುವುದು. ಇದು ಆಟದ ಮೈದಾನವೆಂದು ಯಾರಾದರೂ ವಾದಿಸುವುದಾದರೆ, ಒಂದು ತಿಂಗಳ ಬಳಿಕ ಅಧಿಕಾರಿ ಬಂದು ನೋಡಿ ತೀರ್ಮಾನಿಸುವರು.

ಆ ಬೆಳಿಗ್ಗೆ ಪಕ್ಕದ ಕ್ಷೌರದಂಗಡಿಯಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ಅಂಗಡಿ ನಡೆಸುವ ಕತ್ತರಿ ಮಾಮ ಚಿಕ್ಕಪ್ಪನ ಮುಖಕ್ಕೆ ನೊರೆ ಬಳಿಯುತ್ತಿದ್ದರು. ಗಿರಾಕಿ ಬಂದಿದ್ದಾರೆಂದು ಹೇಳಲು ಹೋದ ನಾನು ಬಾಗಿಲಲ್ಲೇ ನಿಂತೆ.

"ಮೈದಾನ ಅಂತ ಹೇಳ್ಬೇಕಾದ್ರೆ ಒಂದು ಪಿಚ್ಚಾದ್ರೂ ಇರ್ಬೇಕಲ್ಲ," ಎಂದ ಲಿಫ್ಟಣ್ಣ. ಅವನು ಲಿಫ್ಟು ರಿಪೇರಿ ಮಾಡುವವನು, ಬೀದಿಯ ತಂಡಕ್ಕೆ ಕ್ಯಾಪ್ಟನ್. "ನಮ್ಮಲ್ಲಿ ಪಿಚ್ಚಿನ ಗಂಧ ಗಾಳಿ ಗೊತ್ತಿರೋರು ಯಾರಿದಾರೆ?"

ಚಿಕ್ಕಪ್ಪ ಕನ್ನಡಿಯಲ್ಲಿ ತನ್ನ ಬಿಳಿ ಗಡ್ಡವನ್ನು ನೋಡಿಕೊಂಡ. ನೊರೆಯ ಗಡ್ಡ ಎಂಥವರಿಗೂ ಒಂದು ಗಾಂಭೀರ್ಯ ಕೊಡುತ್ತದೆ.

"ನಾನು ದೊಡ್ಡ ಸ್ಟೇಡಿಯಮ್ಮಿನಲ್ಲಿ ಇದ್ದಾಗ," ಎಂದು ಶುರುಮಾಡಿದ, "ಅಲ್ಲಿಯ ಪಿಚ್ಚು ನೋಡ್ಕೊಳ್ತಾ…"

ಅಷ್ಟರಲ್ಲಿ ಕತ್ತರಿ ಮಾಮನ ಬ್ರಷ್ಷು ಮೇಲ್ತುಟಿಗೆ ಬಂತು. ವಾಕ್ಯದ ಉಳಿದ ಭಾಗ ನೊರೆಯೊಳಗೆ ಮುಳುಗಿತು.

ನಮ್ಮ ಬೀದಿಯಲ್ಲಿ ಅರ್ಧ ಬಿಟ್ಟ ವಾಕ್ಯವನ್ನು ಯಾರೂ ಹಾಗೇ ಬಿಡುವುದಿಲ್ಲ. "ನೋಡ್ಕೊಳ್ತಾ ಇದ್ರಾ? ನೀವಾ?" ಎಂದರು ಕತ್ತರಿ ಮಾಮ, ಬ್ರಷ್ಷು ಬಿಟ್ಟು ಎತ್ತಿಕೊಂಡ ಕತ್ತಿಯನ್ನು ಗಲ್ಲದ ಪಕ್ಕದಲ್ಲೇ ನಿಲ್ಲಿಸಿ. "ಇಷ್ಟು ವರ್ಷ ನನ್ನ ಕೈಲಿ ಗಲ್ಲ ಕೊಟ್ಟು ಕೂತಿದೀರಾ, ಒಂದು ಮಾತು ಹೇಳಿಲ್ಲ."

ಚಿಕ್ಕಪ್ಪ ಬಾಯಿ ತೆರೆಯುವಂತಿರಲಿಲ್ಲ. ತಲೆ ಅಲ್ಲಾಡಿಸಿದರೆ ಕತ್ತಿ ತಾಗುತ್ತಿತ್ತು. ಆದ್ದರಿಂದ ಕಣ್ಣು ಮುಚ್ಚಿಕೊಂಡ. ಅದನ್ನು ಎಲ್ಲರೂ ವಿನಯ ಎಂದು ತಿಳಿದರು. ಮುಖ ಒರೆಸಿಕೊಂಡು ಎದ್ದಾಗ ವಾಕ್ಯ ಪೂರ್ತಿ ಮಾಡಬಹುದಿತ್ತು. ಆದರೆ ಹತ್ತು ಜನ ಎದ್ದು ನಿಂತು ದಾರಿ ಬಿಡುತ್ತಿದ್ದರು. ಚಿಕ್ಕಪ್ಪನಿಗೆ ಯಾರೂ ಎಂದೂ ದಾರಿ ಬಿಟ್ಟಿರಲಿಲ್ಲ.

ಸಂಜೆ ಲಿಫ್ಟಣ್ಣನ ತಂಡ ಮನೆಗೇ ಬಂತು. ಜೊತೆಗೆ ಸೂಜಿಯಕ್ಕನೂ ಬಂದಿದ್ದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವ ಕೆಲಸ ಅವಳದು. ಇಡೀ ಬೀದಿಯಲ್ಲಿ ಅವಳಷ್ಟು ವೇಗವಾಗಿ ಬೌಲಿಂಗ್ ಮಾಡುವವರು ಇನ್ನೊಬ್ಬರಿಲ್ಲ.

"ಸ್ಟೇಡಿಯಮ್ಮಾ?" ಎಂದಳು ಚಿಕ್ಕಮ್ಮ, ಚಹಾದ ತಟ್ಟೆ ಹಿಡಿದುಕೊಂಡು. "ಅಲ್ಲಿಗೆ ಇವರು ಹೋಗಿದ್ದು ಒಂದೇ ಒಂದು ಮಧ್ಯಾಹ್ನ…"

"ಸಕ್ಕರೆ ಕಮ್ಮಿ ಆಗಿದೆ ನೋಡೇ," ಎಂದ ಚಿಕ್ಕಪ್ಪ.

"ನೀವಿನ್ನೂ ಕುಡಿದೇ ಇಲ್ಲ."

"ಬಣ್ಣ ನೋಡಿದ್ರೆ ಗೊತ್ತಾಗುತ್ತೆ."

ಚಿಕ್ಕಮ್ಮ ಗಂಡನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಸಕ್ಕರೆಯ ಡಬ್ಬಿಯನ್ನೇ ತಂದು ಅವನ ಮುಂದೆ ಕುಕ್ಕಿದಳು. ಕೋಣೆಯ ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಏನೋ ಸಿಕ್ಕಿಹಾಕ್ಕೊಂಡಿದಾನೆ ಇವನು," ಎಂದು ನನಗಷ್ಟೇ ಕೇಳುವಂತೆ ಹೇಳಿದಳು.

ಕೆಲಸ ಶುರುವಾಯಿತು. ಮೊದಲ ವಾರ ಮುಳ್ಳು ಕಡಿದು ಇಟ್ಟಿಗೆ ಹೊತ್ತರು. ತೊಟ್ಟಿಯನ್ನು ಏಳು ಜನ ಸೇರಿ ಎಳೆದರು. ಎಲ್ಲಿಂದಲೋ ಒಂದು ಸಿಮೆಂಟಿನ ಕೊಳವೆ ಉರುಳಿಸಿಕೊಂಡು ಬಂದು, ಒಳಗೆ ಕಲ್ಲು ತುಂಬಿ, ಬಾಯಿ ಮುಚ್ಚಿ ರೋಲರ್ ಮಾಡಿದರು. ಅದು ಬಿಸಿಲಲ್ಲಿ ಮಲಗಿರುವುದನ್ನು ಕಂಡಾಗಲೆಲ್ಲ ನನಗೆ ಊಟ ಮಾಡಿ ಹೊರಳಿದ ದೈತ್ಯನ ನೆನಪಾಗುತ್ತಿತ್ತು.

ಎರಡನೆಯ ವಾರದಿಂದ ಪಿಚ್ಚು ಚಿಕ್ಕಪ್ಪನ ಕೈಗೆ ಬಂತು. ಪಿಚ್ಚಿನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಆದರೆ ತನ್ನ ಕಸುಬು ಗೊತ್ತಿತ್ತು, ಅದನ್ನೇ ಮಾಡಿದ. ಚಿಕ್ಕಮ್ಮನ ಹಿಟ್ಟಿನ ಜರಡಿಯಲ್ಲಿ ಮಣ್ಣು ಜರಡಿ ಹಿಡಿದ. ಗಾಜು ಒರೆಸುವಾಗ ನೀರು ಚಿಮುಕಿಸುವ ಬಾಟಲಿಯಲ್ಲೇ ಇಪ್ಪತ್ತೆರಡು ಗಜಕ್ಕೂ ನೀರು ಚಿಮುಕಿಸಿದ. ಫೋಟೋ ಸೊಟ್ಟಗಿದೆಯೇ ಎಂದು ನೋಡುವ, ಒಳಗೆ ಗುಳ್ಳೆ ಓಡಾಡುವ ಮಟ್ಟದ ಕೋಲನ್ನು ಗೇಣುಗೇಣಿಗೆ ಇಟ್ಟು, ಮೂಗು ನೆಲಕ್ಕೆ ತಾಗುವಂತೆ ಬಗ್ಗಿ ನೋಡಿದ. ಗುಳ್ಳೆ ಕೂದಲೆಳೆಯಷ್ಟು ಆಚೆ ಹೋದರೂ ಮತ್ತೆ ಜರಡಿ, ಮತ್ತೆ ನೀರು, ಮತ್ತೆ ದೈತ್ಯನನ್ನು ಎಬ್ಬಿಸಬೇಕು.

"ರೊಟ್ಟಿಗೆ ಹಿಟ್ಟು ಯಾತರಲ್ಲಿ ಜರಡಿ ಹಿಡೀಲಿ?" ಎಂದಳು ಚಿಕ್ಕಮ್ಮ.

"ಈ ತಿಂಗಳು ಅನ್ನ ಮಾಡು."

"ಅನ್ನ ಮಾಡೋ ಪಾತ್ರೆಯಲ್ಲಿ ನೀವು ಮಣ್ಣು ನೆನೆ ಹಾಕಿದೀರಿ."

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯನಾದ ಚಿಕ್ಕಪ್ಪ. ಅಂಗಡಿಯಲ್ಲಿ ಮೊಳೆ ಹೊಡೆಯುತ್ತಿದ್ದವನು ಅರ್ಧಕ್ಕೆ ಎದ್ದು ಹೋಗಿ ಪಿಚ್ಚಿನ ಮೇಲೆ ಅಂಗೈ ಇಟ್ಟು ಬರುತ್ತಿದ್ದ, ಜ್ವರ ನೋಡುವವನ ಹಾಗೆ. ಮೋಡ ಕಂಡರೆ ಎದ್ದ, ಬಿಸಿಲು ಕಂಡರೆ ಎದ್ದ. ಮದುವೆಯ ಫೋಟೋ ಕೇಳಲು ಬಂದ ದಂಪತಿಗೆ ಇನ್ಯಾರದೋ ನಿವೃತ್ತಿಯ ಫೋಟೋ ಕೊಟ್ಟು ಕಳಿಸಿದ. ಅವರು ಒಂದು ವಾರ ಬಿಟ್ಟು ಬಂದು, ಈಗ ಅಭ್ಯಾಸವಾಗಿದೆ, ಆದರೂ ನಮ್ಮದು ಕೊಟ್ಟುಬಿಡಿ ಎಂದರು.

ಮೂರನೆಯ ವಾರ ಪಿಚ್ಚು ಸಿದ್ಧವಾಯಿತು. ನಿಜಕ್ಕೂ ಚೆನ್ನಾಗಿತ್ತು. ಸಂಜೆಯ ಬೆಳಕು ಬಿದ್ದರೆ ಅದು ನೆಲ ಎಂದು ಹೇಳಲು ಮನಸ್ಸೇ ಬರುತ್ತಿರಲಿಲ್ಲ. ಲಿಫ್ಟಣ್ಣ ಬ್ಯಾಟು ಹೆಗಲಿಗಿಟ್ಟು ತಂಡದೊಂದಿಗೆ ಬಂದ.

"ಇವತ್ತು ಬೇಡ," ಎಂದ ಚಿಕ್ಕಪ್ಪ. "ತೇವ ಇದೆ."

ಮರುದಿನ, "ಒಣಗಿದೆ. ಬಿರುಕು ಬಿಟ್ಟೀತು."

ಅದರ ಮರುದಿನ, "ಗಾಳಿ ನೋಡು ಹೇಗಿದೆ."

"ಗಾಳಿಗೂ ಪಿಚ್ಚಿಗೂ ಏನ್ ಸಾರ್ ಸಂಬಂಧ?"

"ಸ್ಟೇಡಿಯಮ್ಮಿನಲ್ಲಿ ಇದನ್ನೆಲ್ಲ ಯಾರೂ ಕೇಳ್ತಿರ್ಲಿಲ್ಲಪ್ಪ," ಎಂದ ಚಿಕ್ಕಪ್ಪ ಬೇಸರದಿಂದ. ಈಗೀಗ ಆ ಸ್ಟೇಡಿಯಮ್ಮಿನ ನೆನಪುಗಳು ಅವನಿಗೆ ತಾವಾಗಿಯೇ ಬರತೊಡಗಿದ್ದವು.

ನಾಲ್ಕನೆಯ ದಿನ ಪಿಚ್ಚಿನ ಸುತ್ತ ಕಟ್ಟು ಬಂತು. ಸುಮ್ಮನೆ ಹಗ್ಗವಲ್ಲ, ನಿಜವಾದ ಕಟ್ಟು. ಮೂಲೆಗಳನ್ನು ಓರೆಯಾಗಿ ಕೊಯ್ದು ಕೂಡಿಸಿ, ಚಿನ್ನದ ಬಣ್ಣ ಬಳಿದ ಮರದ ಪಟ್ಟಿ. ಜನ ನೋಡಲು ಬರತೊಡಗಿದರು. ಕೈ ಹಿಂದೆ ಕಟ್ಟಿಕೊಂಡು, ಪಿಸುಮಾತಿನಲ್ಲಿ ಮಾತಾಡುತ್ತ, ನಿಧಾನವಾಗಿ ಒಂದು ಸುತ್ತು ಬಂದು ಹೋಗುತ್ತಿದ್ದರು. ಕತ್ತರಿ ಮಾಮ ತಮ್ಮ ಗಿರಾಕಿಗಳನ್ನು ಅರ್ಧ ಕ್ಷೌರದಲ್ಲೇ ಕರೆತಂದು ತೋರಿಸಿದರು. ತಂಡದವರು ಓಣಿಯಲ್ಲಿ ಆಡಿ ಮೂರು ಹೂಕುಂಡ ಒಡೆದರು. ಓಡಿ ಬರಲು ಜಾಗವಿಲ್ಲದೆ ಸೂಜಿಯಕ್ಕ ನಿಂತಲ್ಲೇ ಚಡಪಡಿಸಿದಳು. ಆ ವಾರ ಲ್ಯಾಬಿನಲ್ಲಿ ರಕ್ತ ಕೊಟ್ಟವರೆಲ್ಲ ಸೂಜಿ ಯಾಕೋ ಜೋರಾಗಿ ಬಿತ್ತು ಎಂದು ದೂರಿದರು.

ತಿಂಗಳು ತುಂಬಿದ ದಿನ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಫೈಲು. ಜಾಗವನ್ನು ನೋಡಿ ದಾರಿ ತಪ್ಪಿತೇನೋ ಎಂದು ನೋಟೀಸನ್ನು ಇನ್ನೊಮ್ಮೆ ಓದಿಕೊಂಡರು.

"ಹತ್ತಿರ ಹೋಗಬಹುದಾ?"

"ಹೋಗಿ ಸಾರ್. ಬೂಟು ಇಲ್ಲೇ ಬಿಡಿ," ಎಂದ ಚಿಕ್ಕಪ್ಪ.

ಅಧಿಕಾರಿ ಬೂಟು ಬಿಚ್ಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ನೋಡಿತು. ಕಟ್ಟಿನ ಪಕ್ಕ ಮಂಡಿಯೂರಿ ಕೂತು ಪಿಚ್ಚನ್ನು ಬಹಳ ಹೊತ್ತು ನೋಡಿದರು.

"ಫಾರಂನಲ್ಲಿ ಎರಡು ಪ್ರಶ್ನೆ ಇದೆ," ಎಂದರು. "ಜಾಗದ ನಿರ್ವಹಣೆ ನಡೀತಾ ಇದೆಯಾ? ಇದೆ. ಇಂಥದ್ದು ನಾನು ನೋಡೇ ಇಲ್ಲ." ಹೌದು ಎಂದು ಬರೆದರು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡ. "ಜಾಗ ಬಳಕೆಯಲ್ಲಿದೆಯಾ?"

"ದಿನಾ ಆಡ್ತೀವಿ ಸಾರ್," ಎಂದ ಲಿಫ್ಟಣ್ಣ.

"ಎಲ್ಲಿ?"

"ಇಲ್ಲೇ."

"ಒಂದು ಚೆಂಡಿನ ಗುರುತಿಲ್ಲ, ಒಂದು ಹೆಜ್ಜೆ ಗುರುತಿಲ್ಲ. ನೆಲ ಮುಟ್ಟದೇ ಆಡ್ತೀರಾ?"

ಎಲ್ಲರ ಕಣ್ಣೂ ಚಿಕ್ಕಪ್ಪನ ಮೇಲೆ ನೆಟ್ಟಿತು.

"ಇಲ್ಲ," ಎಂದು ಬರೆದರು ಅಧಿಕಾರಿ. "ಎರಡಕ್ಕೂ ಹೌದು ಅಂತ ಬಂದ್ರೆ ಮಾತ್ರ ಮೈದಾನ. ಎರಡು ಸಲ ನೋಡಬೇಕು ಅಂತ ನಿಯಮ ಇದೆ, ಗುರುವಾರ ಇನ್ನೊಂದ್ಸಲ ಬರ್ತೀನಿ. ಆವತ್ತು ಹೊಸ ಫಾರಂ. ಆವತ್ತು ಕಂಡಿದ್ದೇ ಕೊನೆ. ಆಮೇಲೆ ಲಾರಿಗಳು ಬರ್ತವೆ." ಬೂಟು ಹಾಕಿಕೊಂಡು, ಹೋಗುವ ಮುನ್ನ ಕಟ್ಟಿನ ಮೂಲೆಯನ್ನು ಬೆರಳಿನಿಂದ ಸವರಿ, "ಮೂಲೆ ಚೆನ್ನಾಗಿ ಕೂಡಿದೆ," ಎಂದರು.

ಆ ಸಂಜೆ ನಮ್ಮ ಮನೆಯಲ್ಲಿ ನಡೆದದ್ದನ್ನು ಸಭೆ ಎನ್ನಬಹುದು, ಜಗಳ ಎಂದರೂ ತಪ್ಪಿಲ್ಲ.

"ಲಾರಿ ನಿಲ್ಲೋಕೆ ಮೊದಲು ಒಂದು ಓವರಾದ್ರೂ ಹಾಕ್ತೀನಿ ನಾನು," ಎಂದಳು ಸೂಜಿಯಕ್ಕ.

"ಆಡ್ಬೇಕು. ಬುಧವಾರ ಪೂರ್ತಿ ಆಡ್ಬೇಕು. ಗುರುತು ಬೀಳ್ಬೇಕು," ಎಂದ ಲಿಫ್ಟಣ್ಣ.

ಚಿಕ್ಕಪ್ಪ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. "ಮೆತ್ತಗಿನ ಚೆಂಡಲ್ಲಿ ಆಡಬಹುದಾ?" ಎಂದ. ಇನ್ನೊಂದು ಸುತ್ತು ಹೋಗಿ ಬಂದು, "ಬರಿಗಾಲಲ್ಲಿ?" ಎಂದ.

ಅಜ್ಜಿ ಕೆಮ್ಮಿದಳು. "ಒಬ್ಬ ರಾಜ ಇದ್ದ. ಅವನ ಹತ್ರ ಒಂದು ಕುದುರೆ ಇತ್ತು. ಎಷ್ಟು ಚೆನ್ನಾಗಿತ್ತು ಅಂದ್ರೆ, ಬೆನ್ನು ಕೊಳೆಯಾಗುತ್ತೆ ಅಂತ ರಾಜ ಯಾವತ್ತೂ ಹತ್ತಲಿಲ್ಲ. ದಿನಾ ಒರೆಸೋದು, ದಿನಾ ನೋಡೋದು. ಒಂದಿನ ಶತ್ರು ಬಂದ. ರಾಜ ಓಡಿಹೋಗಿ ಕುದುರೆ ಹತ್ತಿದ. ಅದಕ್ಕೆ ಓಡೋದೇ ಗೊತ್ತಿರಲಿಲ್ಲ. ಹಾಗೇ ನಿಂತ್ಕೊಂಡಿತು."

"ಆಮೇಲೆ?" ಎಂದೆ ನಾನು.

"ಆಮೇಲೇನು, ರಾಜ ನಡ್ಕೊಂಡು ಹೋದ."

"ಕುದುರೆಗೂ ಪಿಚ್ಚಿಗೂ ಏನಮ್ಮ ಸಂಬಂಧ?" ಎಂದ ಚಿಕ್ಕಪ್ಪ ಸಿಡುಕಿನಿಂದ.

"ಪಿಚ್ಚಿನ ವಿಷಯ ಯಾರೋ ಹೇಳಿದ್ದು? ನಾನು ಹೇಳಿದ್ದು ಕುದುರೆ ಕಥೆ."

ಚಿಕ್ಕಪ್ಪ ಗೋಡೆಯ ಮೇಲಿನ ಗ್ಯಾರಂಟಿ ಕಾರ್ಡನ್ನು ನೋಡುತ್ತ ನಿಂತ. ಆಮೇಲೆ, "ಆಡ್ಕೊಳ್ಳಿ," ಎಂದು ಹೇಳಿ ಮುಖ ತೊಳೆಯಲು ಹೋದ. ಅರ್ಧ ಗಂಟೆ ಹೊರಗೆ ಬರಲಿಲ್ಲ.

ಬುಧವಾರ ಬೀದಿಗೆ ಬೀದಿಯೇ ರಜೆ ಹಾಕಿತು. ಕಟ್ಟು ಕಳಚಿ ಪಕ್ಕಕ್ಕಿಟ್ಟರು. ಇಷ್ಟು ದಿನ ಪಿಸುಮಾತಿನಲ್ಲಿ ನೋಡಿಹೋಗಿದ್ದವರೆಲ್ಲ ಅದನ್ನು ಬಡ್ಡಿ ಸಮೇತ ತೀರಿಸಿಕೊಂಡರು. ಸೂಜಿಯಕ್ಕ ಮೊಳೆ ಇರುವ ಬೂಟು ಹಾಕಿ ಮೂವತ್ತು ಹೆಜ್ಜೆ ದೂರದಿಂದ ಓಡಿಬಂದಳು. ಅವಳ ಕಾಲು ಊರಿದ ಕಡೆ ಒಂದು ಗುಂಡಿ, ಚೆಂಡು ಬಿದ್ದ ಕಡೆ ಒಂದು ಗುಂಡಿ. ಕತ್ತರಿ ಮಾಮ ಬ್ಯಾಟು ಹಿಡಿದದ್ದೇ ಜೀವನದಲ್ಲಿ ಮೊದಲು. ಚೆಂಡಿಗಿಂತ ನೆಲಕ್ಕೇ ಹೆಚ್ಚು ಸಲ ಹೊಡೆದರು. ಚಿಕ್ಕಮ್ಮನೂ ಸೆರಗು ಸಿಕ್ಕಿಸಿಕೊಂಡು ಬಂದಳು. ಆಡಲಿಲ್ಲ, ಪಿಚ್ಚಿನ ಉದ್ದಕ್ಕೂ ಎರಡು ಸಲ ದಪದಪ ನಡೆದು, "ನನ್ನ ಜರಡಿಗೆ," ಎಂದು ಹೇಳಿ ಹೋದಳು.

ಚಿಕ್ಕಪ್ಪ ಅಂಗಡಿಯೊಳಗೆ ಬೀದಿಗೆ ಬೆನ್ನು ಮಾಡಿ ಮೊಳೆ ಹೊಡೆಯುತ್ತಿದ್ದ. ಹೊರಗೆ ಒಂದೊಂದು ಸಲ ಧಪ್ಪೆಂದಾಗಲೂ ಸುತ್ತಿಗೆ ಹೆಬ್ಬೆರಳಿಗೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಎರಡೂ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಟ್ಟೆ.

ಗುರುವಾರ ಅಧಿಕಾರಿ ಬಂದರು. ಈ ಸಲ ಬೂಟು ಬಿಚ್ಚುವ ಪ್ರಸಂಗವೇ ಬರಲಿಲ್ಲ. ಪಿಚ್ಚಿನ ಮಧ್ಯದವರೆಗೆ ನಡೆದುಹೋಗಿ, ಒಂದು ಗುಂಡಿಯಲ್ಲಿ ಕಾಲಿಟ್ಟು ಮುಗ್ಗರಿಸಿ, ಸಾವರಿಸಿಕೊಂಡರು.

"ಬಳಕೆಯಲ್ಲಿದೆ," ಎಂದರು. ಹೌದು ಎಂದು ಬರೆದರು. ಬೀದಿಯ ಜನ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. "ಇನ್ನು ನಿರ್ವಹಣೆ."

ಆ ಇನ್ನೊಂದು ಪ್ರಶ್ನೆಯನ್ನು ನಾವೆಲ್ಲರೂ ಮರೆತೇಬಿಟ್ಟಿದ್ದೆವು.

"ಹೋದ ಸಲ ನೋಡಿದ್ರಲ್ಲ ಸಾರ್, ನಿರ್ವಹಣೆ," ಎಂದ ಲಿಫ್ಟಣ್ಣ. ಅವನ ದನಿ ಎರಡನೇ ಮಹಡಿಯಲ್ಲಿ ನಿಂತ ಲಿಫ್ಟಿನ ಹಾಗೆ ಅಲ್ಲೇ ಸಿಕ್ಕಿಕೊಂಡಿತು.

"ಹೋದ ಸಲದ್ದು ಹೋದ ಸಲದ ಫಾರಂಗೆ. ಇವತ್ತು ನಾನು ನೋಡ್ತಾ ಇರೋದು ಎಮ್ಮೆ ಹೊರಳಿದ ಜಾಗ. ಇದನ್ನ ಯಾರೂ ನೋಡ್ಕೊಳ್ತಾ ಇಲ್ಲ," ಎನ್ನುತ್ತ ಪೆನ್ನು ಕಾಗದಕ್ಕೆ ಮುಟ್ಟಿಸಿದರು.

ಕೊನೆಯ ಮಾತು ಇನ್ನೂ ಅಂಗಡಿಯೊಳಗೇ ಕೂತಿದ್ದ ಚಿಕ್ಕಪ್ಪನಿಗೆ ಕೇಳಿಸಿತು. ಅವನ ಬೆನ್ನು ನೆಟ್ಟಗಾಯಿತು. ಮೋಸಗಾರ ಎಂದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಒಂದು ಕೈಯಲ್ಲಿ ಮಣ್ಣಿನ ಬಕೆಟ್ಟು, ಇನ್ನೊಂದರಲ್ಲಿ ಜರಡಿ, ಕಂಕುಳಲ್ಲಿ ನೀರು ಚಿಮುಕಿಸುವ ಬಾಟಲಿ, ಹಲ್ಲಿನಲ್ಲಿ ಮಟ್ಟದ ಕೋಲು ಕಚ್ಚಿಕೊಂಡು ರಸ್ತೆ ದಾಟಿದ. ಕೋಲನ್ನು ತೆಗೆದು ಹೇಳಿದ:

"ಸಾರ್, ಪೆನ್ನು ಸ್ವಲ್ಪ ಎತ್ತಿ ಹಿಡ್ಕೊಳ್ಳಿ. ಹಾಕಮ್ಮ ಬಾಲು."

ಸೂಜಿಯಕ್ಕ ಅಧಿಕಾರಿಯನ್ನೊಮ್ಮೆ, ಚಿಕ್ಕಪ್ಪನನ್ನೊಮ್ಮೆ ನೋಡಿ, ಮೂವತ್ತು ಹೆಜ್ಜೆ ಹಿಂದೆ ಹೋದಳು. ಓಡಿಬಂದು ಹಾಕಿದಳು. ಲಿಫ್ಟಣ್ಣ ತಡೆದ. ಅವಳ ಕಾಲು ಮಣ್ಣೆಬ್ಬಿಸಿದ ಕಡೆಗೆ ಚಿಕ್ಕಪ್ಪ ಓಡಿದ. ಮಂಡಿಯೂರಿ, ಮಣ್ಣು ಜರಡಿ ಹಿಡಿದು ತುಂಬಿ, ನೀರು ಚಿಮುಕಿಸಿ, ಅಂಗೈಯಿಂದ ತಟ್ಟಿ, ಕೋಲು ಇಟ್ಟು ಗುಳ್ಳೆ ನೋಡಿದ.

"ಹಾಕು."

ಮತ್ತೆ ಅದೇ ಜಾಗಕ್ಕೆ ಕಾಲು ಬಿತ್ತು. ಮತ್ತೆ ಗುಂಡಿ. ಮತ್ತೆ ಚಿಕ್ಕಪ್ಪ. ಅಧಿಕಾರಿ ಹೋಗಿ ರೋಲರಿನ ಮೇಲೆ ಕೂತರು. ಬಳಕೆ, ನಿರ್ವಹಣೆ, ಬಳಕೆ, ನಿರ್ವಹಣೆ, ಅವರ ತಲೆ ಆಚೆಗೂ ಈಚೆಗೂ ತಿರುಗುತ್ತಿತ್ತು. ಮೂರನೆಯ ಎಸೆತಕ್ಕೆ ಚಿಕ್ಕಪ್ಪ ಗೊಣಗುತ್ತಿದ್ದ. ನಾಲ್ಕನೆಯದಕ್ಕೆ, "ಎಡಗಾಲು ಇನ್ನೂ ಗಟ್ಟಿಯಾಗಿ ಊರಮ್ಮ, ಮಣ್ಣು ತಡೆಯುತ್ತೆ," ಎಂದ. ಐದನೆಯದಕ್ಕೆ ಮಟ್ಟದ ಕೋಲು ಇಡುವುದನ್ನೇ ಮರೆತ. ಆರನೆಯ ಚೆಂಡು ಲಿಫ್ಟಣ್ಣನ ಮಧ್ಯದ ವಿಕೆಟ್ಟನ್ನು ಕಿತ್ತು ಹಾರಿಸಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನು, ಮಣ್ಣು ಮೆತ್ತಿದ ಕೈಯ ಚಿಕ್ಕಪ್ಪ. ಆಮೇಲೆ ವಿಕೆಟ್ಟಿನ ಗುಂಡಿ ಮುಚ್ಚಲು ಹೋದ.

ಅಧಿಕಾರಿ ಹೌದು ಎಂದು ಬರೆದು ಸಹಿ ಹಾಕಿದರು. "ನೀವು ದೊಡ್ಡ ದೊಡ್ಡ ಮೈದಾನಗಳಲ್ಲಿ ಕೆಲಸ ಮಾಡಿರಬೇಕು," ಎಂದರು.

ಚಿಕ್ಕಪ್ಪ ನಿಂತ. ಬೀದಿಯವರನ್ನೆಲ್ಲ ಒಂದು ಸುತ್ತು ನೋಡಿದ. ಈ ಸಲ ಅವನ ಮುಖದ ಮೇಲೆ ನೊರೆ ಇರಲಿಲ್ಲ.

"ಇಲ್ಲ ಸಾರ್. ಸ್ಟೇಡಿಯಮ್ಮಿನಲ್ಲಿ ನಾನು ಇದ್ದಿದ್ದು ಒಂದೇ ಮಧ್ಯಾಹ್ನ. ಅಲ್ಲಿ ಗೋಡೆಗೆ ಒಂದು ಫೋಟೋ ಹಾಕೋಕೆ ಹೋಗಿದ್ದೆ. ಅಲ್ಲಿಯ ಪಿಚ್ಚು ನೋಡ್ಕೊಳ್ತಾ ಇದ್ದವರು, ಏಯ್, ಆಚೆ ನಡಿ ಅಂತ ಬೈದ್ರು. ಅಷ್ಟೇ. ಆ ದಿನ ಕ್ಷೌರದಂಗಡಿಯಲ್ಲಿ ಅದನ್ನೇ ಹೇಳೋಕೆ ಹೊರಟಿದ್ದೆ."

ಕತ್ತರಿ ಮಾಮ ಅಧಿಕಾರಿಯ ಕಡೆ ಬಗ್ಗಿ, "ಇವರು ಯಾವಾಗಲೂ ಹೀಗೇ ಸಾರ್," ಎಂದರು. "ತಮ್ಮ ಬಗ್ಗೆ ತಾವು ದೊಡ್ಡದಾಗಿ ಹೇಳ್ಕೊಳ್ಳೋದೇ ಇಲ್ಲ."

ಅಧಿಕಾರಿ ತಲೆದೂಗಿದರು. ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ನಿಜ ಹೇಳಿದ ಮೇಲೂ ಸುಳ್ಳಿನಿಂದ ತಪ್ಪಿಸಿಕೊಳ್ಳಲಾಗದೆ ಚಿಕ್ಕಪ್ಪ ಬಾಟಲಿಯ ನೀರನ್ನು ತನ್ನ ಮುಖಕ್ಕೇ ಚಿಮುಕಿಸಿಕೊಂಡ.

ಒಂದೇ ಒಂದು ಕೊರತೆ ಉಳಿಯಿತು. ಅಧಿಕಾರಿ ಮೊಹರು ತಂದಿರಲಿಲ್ಲ. "ಆಫೀಸಿನಲ್ಲೇ ಉಳೀತು. ಈ ಕಡೆ ಬಂದಾಗ ಹಾಕ್ತೀನಿ. ಕಾಗದ ಇಟ್ಕೊಂಡಿರಿ," ಎಂದು ಹೋದರು.

ಮೊಹರಿಲ್ಲದ ಕಾಗದ ನೋಡಿ ಬೀದಿಗೆ ಮತ್ತೆ ನೆಮ್ಮದಿ ಇಲ್ಲದಂತಾಯಿತು. ಲಾರಿಯ ಸದ್ದು ಕೇಳಿದರೆ ಎಲ್ಲರೂ ಬಾಗಿಲಿಗೆ ಬರುತ್ತಿದ್ದರು. ಚಿಕ್ಕಪ್ಪ ಆ ಕಾಗದಕ್ಕೆ ಕಟ್ಟು ಹಾಕಿ, ಎಲ್ಲರಿಗೂ ಕಾಣುವಂತೆ ಟ್ಯಾಂಕಿನ ಗೋಡೆಗೆ, ಎದೆಮಟ್ಟಕ್ಕೆ ತೂಗುಹಾಕಿದ.

"ಗಾಜೆಲ್ಲಿ?" ಎಂದಳು ಚಿಕ್ಕಮ್ಮ.

"ಹಾಕಿಲ್ಲ."

"ಹುಷಾರಾಗಿದೀರಾ?" ಎಂದು ಅವನ ಹಣೆ ಮುಟ್ಟಿ ನೋಡಿದಳು.

ನಾಲ್ಕನೆಯ ಸಂಜೆ ಲಿಫ್ಟಣ್ಣ ಬೀಸಿ ಹೊಡೆದ ಚೆಂಡು, ಚಿಕ್ಕಪ್ಪ ಆಗಷ್ಟೇ ತೇವ ಮಾಡಿದ ಕೆಂಪು ಮಣ್ಣಿನಲ್ಲಿ ಉರುಳಿಬಂದಿದ್ದ ಚೆಂಡು, ನೇರವಾಗಿ ಹೋಗಿ ಕಾಗದಕ್ಕೆ ಬಡಿಯಿತು. ಸಹಿಯ ಮೇಲೆ, ಸ್ವಲ್ಪ ಓರೆಯಾಗಿ, ದುಂಡನೆಯ ಒಂದು ಕೆಂಪು ಗುರುತು ಬಿತ್ತು. ಚಿಕ್ಕಪ್ಪ ಬಟ್ಟೆ ಹಿಡಿದು ಓಡಿದ. ಅಜ್ಜಿ ಅವನ ಕೈ ಹಿಡಿದು ನಿಲ್ಲಿಸಿ, ಕನ್ನಡಕ ಮೂಗಿಗೇರಿಸಿ, ಕಾಗದವನ್ನು ಹತ್ತಿರದಿಂದ ನೋಡಿದಳು. "ಬಿಡೋ. ಚೆನ್ನಾಗಿದೆ," ಎಂದಳು.

ಮರುವಾರ ಅಧಿಕಾರಿ ಮೊಹರು, ಮಸಿಯ ಡಬ್ಬಿ ಎರಡನ್ನೂ ಹಿಡಿದುಕೊಂಡು ಬಂದರು. ಚಿಕ್ಕಪ್ಪ ಪಿಚ್ಚಿನ ಆ ತುದಿಯಲ್ಲಿ ಗುಂಡಿ ಮುಚ್ಚುತ್ತಿದ್ದ, ತಲೆ ಎತ್ತಲಿಲ್ಲ. ಅಧಿಕಾರಿ ಕಟ್ಟಿನ ಮುಂದೆ ನಿಂತು, ಬಗ್ಗಿ, ಆ ಕೆಂಪು ಗುರುತನ್ನು ಎಡದಿಂದಲೂ ಬಲದಿಂದಲೂ ನೋಡಿದರು. ನಂತರ ಡಬ್ಬಿಯ ಮುಚ್ಚಳವನ್ನು ಹಾಗೇ ಒತ್ತಿ ಮುಚ್ಚಿ ಜೇಬಿಗೆ ಹಾಕಿಕೊಂಡರು.

"ಒಂದು ಕಾಗದಕ್ಕೆ ಎರಡು ಮೊಹರು ಹಾಕೋ ಹಾಗಿಲ್ಲ," ಎಂದರು.